ಮೈಸೂರಿನ ದಾರಿಗಳು: ಹೊಸದಾಗಿ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುತ್ತೇನೆ. ಮಂಡಿ ಆಪರೇಷನ್ ಆದವರು, ಲಕ್ವ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು ಆಸ್ಪತ್ರೆಗೆ ಬರಲಾರರು. ಅವರಿರುವಲ್ಲಿಗೆ ನಾನೇ ಹೋಗಬೇಕು. ಹುಟ್ಟಿದ್ದು ಶಿರಸಿ ಹತ್ತಿರದ ಹಳ್ಳಿ. 2014ರಲ್ಲಿ ಮೈಸೂರಿಗೆ ಬಂದೆ. ಅಂದಿನಿಂದ ವಾರಕ್ಕೆ ಎರಡು ಮೂರು ಹೊಸ ವಿಳಾಸ ಹುಡುಕುವುದು ನನ್ನ ಕೆಲಸದಲ್ಲೇ ಸೇರಿಹೋಗಿದೆ. ನಮ್ಮ ಬೀದಿಗೆ ಬಾಡಿಗೆಗೆ ಬಂದವರು, ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು, ಮದುವೆಯಾಗಿ ಬಂದ ಹೆಣ್ಣುಮಕ್ಕಳು ದಾರಿಯ ಬಗ್ಗೆ ನನ್ನನ್ನು ಕೇಳುತ್ತಲೇ ಇರುತ್ತಾರೆ. ಕೇಳುವುದು ಹೆಚ್ಚು ಕಡಿಮೆ ಇವನ್ನೇ.

ಊರು ಪೂರ್ತಿ ಹೊಸದು. ಎಲ್ಲಿಂದ ಶುರು ಮಾಡಲಿ?

ಸರ್ಕಲ್‌ಗಳಿಂದ. ರಸ್ತೆಗಳ ಹೆಸರು ಆಮೇಲೆ ಕಲಿತರಾಯಿತು.

ಮೈಸೂರಿನವರು ದಾರಿ ಹೇಳುವುದನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. "ಬಲ್ಲಾಳ್ ಸರ್ಕಲ್ ದಾಟಿ", "ಅಗ್ರಹಾರದಲ್ಲಿ ಎಡಕ್ಕೆ", "ನಂಜುಮಳಿಗೆ ಬರುತ್ತಲ್ಲ, ಅಲ್ಲಿಂದ ಸೀದಾ". ರಸ್ತೆಯ ಹೆಸರು ಅವರ ಬಾಯಿಗೆ ಬರುವುದೇ ಕಡಿಮೆ. ಈ ಊರಲ್ಲಿ ಸರ್ಕಲ್ ಅಂದರೆ ಗಂಟು. ನಾಲ್ಕೈದು ರಸ್ತೆ ಒಂದೊಂದು ಗಂಟಿಗೆ ಬಂದು ಸೇರುತ್ತವೆ. ಗಂಟು ಯಾವುದು ಅಂತ ಗೊತ್ತಿದ್ದರೆ ದಾರ ಹಿಡಿದು ಹೋಗುವುದು ಕಷ್ಟವಲ್ಲ.

ಮೊದಲು ಅರಮನೆ ಸುತ್ತಲಿನ ಮೂರು ವಿಗ್ರಹಗಳನ್ನು ಕಲಿಯಿರಿ. ಕೆ.ಆರ್. ಸರ್ಕಲ್‌ನಲ್ಲಿ ನಿಂತಿರುವವರು ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿಂದ ಐದು ನಿಮಿಷ ನಡೆದರೆ ಚಾಮರಾಜ ಸರ್ಕಲ್, ಅಲ್ಲಿರುವವರು ಅವರ ತಂದೆ ಚಾಮರಾಜೇಂದ್ರ ಒಡೆಯರು. ಅರಮನೆಯ ಪೂರ್ವಕ್ಕೆ ಹಾರ್ಡಿಂಜ್ ಸರ್ಕಲ್, ಅಲ್ಲಿ ಜಯಚಾಮರಾಜ ಒಡೆಯರು. ಅವರು ನಾಲ್ವಡಿಯವರ ತಮ್ಮನ ಮಗ. ಅಪ್ಪ, ಮಗ, ತಮ್ಮನ ಮಗ ಅಂತ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಟ್ರಾಫಿಕ್ ಶುರುವಾಗುವ ಮೊದಲು ಈ ಮೂರನ್ನೂ ನಡೆದೇ ನೋಡಿ ಬನ್ನಿ.

ಆಮೇಲೆ ಒಂದು ಸುತ್ತು ಹೊರಗೆ ಬನ್ನಿ: ರಾಮಸ್ವಾಮಿ ಸರ್ಕಲ್, ಮೆಟ್ರೋಪೋಲ್ ಸರ್ಕಲ್, ಅಗ್ರಹಾರ. ರಾಮಸ್ವಾಮಿ ಅನ್ನುವುದು ಯಾರೋ ರಾಜನ ಹೆಸರಲ್ಲ. 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು. ದಿನಾ ಆ ಸರ್ಕಲ್ ದಾಟುವವರಿಗೆ ಇದು ಗೊತ್ತಿರಬೇಕು ಅಂತ ನನಗೆ ಅನಿಸುತ್ತದೆ. ಕೊನೆಗೆ ನಿಮ್ಮ ಬಡಾವಣೆಯ ಎರಡು ಸರ್ಕಲ್. ಇಷ್ಟಾದರೆ ಅರ್ಧ ಊರು ಕೈಗೆ ಬಂದ ಹಾಗೆ.

ಎತ್ತ ತಿರುಗಿದರೂ ಒಂದೇ ಥರ ಕಾಣುತ್ತದೆ. ದಿಕ್ಕು ಹೇಗೆ ತಿಳಿಯುವುದು?

ತಲೆ ಎತ್ತಿ ಬೆಟ್ಟ ಹುಡುಕಿ. ಚಾಮುಂಡಿ ಬೆಟ್ಟ ಊರಿನ ಆಗ್ನೇಯಕ್ಕಿದೆ, ಸುತ್ತ ಅದರಷ್ಟು ಎತ್ತರದ್ದು ಬೇರೇನೂ ಇಲ್ಲ. ಕುವೆಂಪುನಗರ, ವಿದ್ಯಾರಣ್ಯಪುರಂ ಕಡೆ ನಿಂತರೆ ಅದು ಪೂರ್ವಕ್ಕೆ ಕಾಣುತ್ತದೆ. ವಿಜಯನಗರದಿಂದ ಆಗ್ನೇಯಕ್ಕೆ. ಅರಮನೆ ಹತ್ತಿರದಿಂದ ಹೆಚ್ಚು ಕಡಿಮೆ ದಕ್ಷಿಣಕ್ಕೆ. ಲಲಿತಮಹಲ್ ಕಡೆ ಹೋದರೆ ಮಾತ್ರ ಅದು ನೈಋತ್ಯಕ್ಕೆ ಬಂದುಬಿಡುತ್ತದೆ. ಹಾಗಾಗಿ ನಿಮ್ಮ ಮನೆ ತಾರಸಿ ಹತ್ತಿ ಬೆಟ್ಟ ಎತ್ತ ಇದೆ ಅಂತ ಮೊದಲ ದಿನವೇ ನೋಡಿಕೊಳ್ಳಿ. ರಾತ್ರಿ ಬೆಟ್ಟದ ರಸ್ತೆಯ ದೀಪಗಳು ಅಂಕುಡೊಂಕಾಗಿ ಕಾಣುತ್ತವೆ.

ನಾನು ಮಲೆನಾಡಿನವಳು. ನಮ್ಮ ಕಡೆ ಸುತ್ತಲೂ ಗುಡ್ಡವೇ, ಅಲ್ಲಿ ಗುಡ್ಡ ನೋಡಿ ದಿಕ್ಕು ಹೇಳಲು ಆಗುವುದಿಲ್ಲ. ಇಲ್ಲಿ ಒಂದೇ ಒಂದು ಬೆಟ್ಟ. ಇದು ನನಗೆ ತುಂಬಾ ಧೈರ್ಯ ಕೊಟ್ಟಿತು.

ರಸ್ತೆಗಳಿಗೆ ಬೇರೆ ಊರುಗಳ ಹೆಸರು ಯಾಕೆ?

ಆ ರಸ್ತೆ ಆ ಊರಿಗೆ ಹೋಗುತ್ತದೆ, ಅದಕ್ಕೆ. ಹುಣಸೂರು ರಸ್ತೆ ಪಶ್ಚಿಮಕ್ಕೆ, ಮಡಿಕೇರಿ ದಾರಿ. ಕೆ.ಆರ್.ಎಸ್. ರಸ್ತೆ ವಾಯವ್ಯಕ್ಕೆ, ಕನ್ನಂಬಾಡಿ ಕಡೆ. ನಂಜನಗೂಡು ರಸ್ತೆ ದಕ್ಷಿಣಕ್ಕೆ, ಟಿ. ನರಸೀಪುರ ರಸ್ತೆ ಪೂರ್ವಕ್ಕೆ. ಮಾನಂದವಾಡಿ ರಸ್ತೆ ಹಿಡಿದರೆ ಎಚ್.ಡಿ. ಕೋಟೆ ಮೇಲೆ ಕೇರಳ. ಅರಮನೆಯನ್ನು ಗಾಡಿ ಚಕ್ರದ ನಡುವಿನ ಗುಂಬ ಅಂದುಕೊಳ್ಳಿ. ಈ ರಸ್ತೆಗಳು ಅರೆಕಾಲುಗಳು, ಅಂದರೆ ಚಕ್ರದ ಕಡ್ಡಿಗಳು, ರಿಂಗ್ ರೋಡ್ ಹೊರಗಿನ ಪಟ್ಟಿ. ಯಾವುದೇ ಅರೆಕಾಲಿನ ಮೇಲೆ ನೀವಿದ್ದರೂ ಎರಡೇ ದಾರಿ, ಒಂದು ಊರೊಳಕ್ಕೆ, ಒಂದು ಊರಾಚೆಗೆ.

ಎಲ್ಲಾ ಕಡೆ ಚಾಮರಾಜ, ಕೃಷ್ಣರಾಜ ಅಂತಲೇ ಇದೆ. ಕಲಸಿಹೋಗುವುದಿಲ್ಲವೇ?

ಹೋಗುತ್ತದೆ. ಇದು ಹೊಸಬರ ಮೊದಲ ತೊಡಕು. ಚಾಮರಾಜ ಸರ್ಕಲ್, ಚಾಮರಾಜ ಜೋಡಿ ರಸ್ತೆ, ಚಾಮರಾಜ ಮೊಹಲ್ಲಾ, ಚಾಮರಾಜಪುರಂ ಬೇರೆ ಬೇರೆ. ಚಾಮುಂಡಿಪುರಂ ಇನ್ನೊಂದು. ಅದೇ ರೀತಿ ಕೆ.ಆರ್. ಸರ್ಕಲ್, ಕೆ.ಆರ್. ಮೊಹಲ್ಲಾ, ಕೆ.ಆರ್. ಆಸ್ಪತ್ರೆ. ಅವಸರದಲ್ಲಿ "ಚಾಮರಾಜ" ಅಂತಷ್ಟೇ ಹೇಳಿ ಆಟೋ ಹತ್ತಬೇಡಿ. ಕೊನೆಯ ಪದವನ್ನು ಒತ್ತಿ ಹೇಳಿ: ಸರ್ಕಲ್, ಜೋಡಿ ರಸ್ತೆ, ಪುರಂ.

ಅರಸು ರಸ್ತೆಯೂ ಹಾಗೇ. ಬಟ್ಟೆ ಅಂಗಡಿಗಳ ಸಾಲಿರುವುದು ದೇವರಾಜ ಅರಸು ರಸ್ತೆ, ಮುಖ್ಯಮಂತ್ರಿಯಾಗಿದ್ದವರ ಹೆಸರು. ಸರಸ್ವತಿಪುರಂ ಕಡೆಯಿಂದ ಕುವೆಂಪುನಗರದತ್ತ ಬರುವುದು ಕಾಂತರಾಜ ಅರಸು ರಸ್ತೆ, 1918ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದವರ ಹೆಸರು. ಸುಮ್ನೆ "ಅರಸು ರೋಡ್" ಅಂದರೆ ಜನ ದೇವರಾಜ ಅರಸು ರಸ್ತೆ ಅಂತಲೇ ತಿಳಿದುಕೊಳ್ಳುತ್ತಾರೆ.

ಕುವೆಂಪು ಅವರ ಮನೆ "ಉದಯರವಿ" ನೋಡಬೇಕು ಅಂತ ಒಬ್ಬ ಹುಡುಗಿ ಕುವೆಂಪುನಗರದ ಉದಯರವಿ ರಸ್ತೆಯಲ್ಲಿ ಮಧ್ಯಾಹ್ನವೆಲ್ಲ ಅಲೆದಿದ್ದಳು. ಮನೆ ಇರುವುದು ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ ಕಡೆ. ಕುವೆಂಪುನಗರದಲ್ಲಿ ಇರುವುದು ಅವರ ಹೆಸರು ಮಾತ್ರ.

ಬೋರ್ಡಿನಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು. ಯಾವುದನ್ನು ನಂಬಲಿ?

ದಾರಿ ಕೇಳುವಾಗ ಬಾಯಿ ಮಾತಿನ ಹೆಸರು, ಕಾಗದ ಪತ್ರಕ್ಕೆ ಬೋರ್ಡಿನ ಹೆಸರು. ಒಂಟಿಕೊಪ್ಪಲು ಅಂದರೂ ವಿ.ವಿ. ಮೊಹಲ್ಲಾ ಅಂದರೂ ಒಂದೇ ಕಡೆ ಹೋಗಿ ಮುಟ್ಟುತ್ತೀರಿ. ವಿ.ವಿ. ಅಂದರೆ ವಾಣಿವಿಲಾಸ. ಹಾರ್ಡಿಂಜ್ ಸರ್ಕಲ್‌ಗೆ ಈಗ ಜಯಚಾಮರಾಜ ಒಡೆಯರ ಹೆಸರಿದೆ, ಆದರೆ ಹಳಬರು ಹಾರ್ಡಿಂಜ್ ಬಿಟ್ಟಿಲ್ಲ. ಕೆ.ಆರ್. ಆಸ್ಪತ್ರೆಗೆ ದೊಡ್ಡಾಸ್ಪತ್ರೆ ಅನ್ನುತ್ತಾರೆ. ಬೆಂಗಳೂರಿಂದ ಬರುವಾಗ ಸಿಗುವ ದೊಡ್ಡ ಜಂಕ್ಷನ್‌ನ ಆಸ್ಪತ್ರೆ ಹೆಸರು ಬದಲಾಗಿ ಮಣಿಪಾಲ್ ಆಯಿತು, ಜನರಿಗೆ ಅದು ಇನ್ನೂ ಕೊಲಂಬಿಯಾ ಏಷ್ಯಾ ಜಂಕ್ಷನ್.

ಮುಚ್ಚಿದ ಸಿನಿಮಾ ಟಾಕೀಸುಗಳೂ ಗುರುತಾಗಿ ಉಳಿದಿವೆ. ಶಾಂತಲಾ ಟಾಕೀಸ್ ಕೊರೊನಾ ಕಾಲದಲ್ಲಿ, 2020ರಲ್ಲಿ, ಮುಚ್ಚಿತು. ಈಗಲೂ "ಶಾಂತಲಾ ಹತ್ತಿರ ಇಳಿದುಕೊಳ್ಳಿ" ಅನ್ನುತ್ತಾರೆ. ಟಾಕೀಸ್ ಹುಡುಕುತ್ತಾ ನಿಲ್ಲಬೇಡಿ, ಜಾಗ ಯಾವುದು ಅಂತ ಕೇಳಿಕೊಳ್ಳಿ.

ಎರಡು ಗಡಿಯಾರಗಳನ್ನೂ ತಿಳಿದುಕೊಳ್ಳಿ. ಪುರಭವನದ ಹತ್ತಿರ ಇರುವುದು ದೊಡ್ಡ ಗಡಿಯಾರ. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು, ಅದರ ಅಂಕಿಗಳು ಕನ್ನಡದವು. ದೇವರಾಜ ಮಾರುಕಟ್ಟೆ ಹತ್ತಿರ ಇರುವುದು ಚಿಕ್ಕ ಗಡಿಯಾರ. "ಗಡಿಯಾರದ ಹತ್ತಿರ ಸಿಗೋಣ" ಅಂತ ಯಾರಾದರೂ ಅಂದರೆ ದೊಡ್ಡದೋ ಚಿಕ್ಕದೋ ಅಂತ ಕೇಳಿಯೇ ಹೊರಡಿ.

ಮೇನ್, ಕ್ರಾಸ್, ಸ್ಟೇಜ್, ಬ್ಲಾಕ್: ಇವುಗಳ ಲೆಕ್ಕ ಏನು?

ಮೇನ್ ಒಂದು ದಿಕ್ಕಿಗೆ ಹೋದರೆ ಕ್ರಾಸ್ ಅದಕ್ಕೆ ಅಡ್ಡ ಬರುತ್ತದೆ. ಎರಡೂ ಸೇರಿದರೆ ಚೌಕಳಿ. ಹಾಗಾಗಿ ವಿಳಾಸದಲ್ಲಿ ಎರಡೂ ಇರಬೇಕು. ಬರೀ "5ನೇ ಕ್ರಾಸ್" ಅಂದರೆ ಆ ಕ್ರಾಸ್ ಉದ್ದಕ್ಕೂ ಅಲೆಯಬೇಕಾಗುತ್ತದೆ.

ಹಳೇ ಬಡಾವಣೆಗಳು ಇಷ್ಟು ನೆಟ್ಟಗಿರಲು ಒಂದು ಕಾರಣವಿದೆ. 1890ರ ದಶಕದ ಕೊನೆಗೆ ಪ್ಲೇಗ್ ಬಂದು ಒತ್ತೊತ್ತಾದ ಕೇರಿಗಳಲ್ಲಿ ತುಂಬಾ ಜನ ಸತ್ತರು. ಆಮೇಲೆ 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೆಳಕು ಆಡುವ ಹಾಗೆ ಅಗಲ ರಸ್ತೆ, ಮನೆಗಳ ಹಿಂದೆ ಸಣ್ಣ ಕನ್ಸರ್ವೆನ್ಸಿ ಗಲ್ಲಿ ಬಿಟ್ಟು ಹೊಸ ಬಡಾವಣೆಗಳನ್ನು ಮಾಡಿದರು. ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ನಡೆದರೆ ಇದು ಕಣ್ಣಿಗೆ ಕಾಣುತ್ತದೆ.

ನಿಜವಾಗಿ ಕಾಡುವುದು ಸ್ಟೇಜ್ ಮತ್ತು ಬ್ಲಾಕ್. ಪ್ರತಿ ಸ್ಟೇಜಿನಲ್ಲೂ ಕ್ರಾಸ್‌ಗಳ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ವಿಜಯನಗರದಲ್ಲಿ ನಾಲ್ಕು ಸ್ಟೇಜ್ ಇವೆ, ಗೋಕುಲಂನಲ್ಲೂ ಸ್ಟೇಜ್‌ಗಳಿವೆ. ಸ್ಟೇಜ್ ಬಿಟ್ಟು ಹೇಳಿದ ವಿಳಾಸದಿಂದ ಯಾವ ಉಪಯೋಗವೂ ಇಲ್ಲ.

ಬ್ಲಾಕ್ ವಿಷಯಕ್ಕೆ ನನ್ನದೇ ಅನುಭವ ಹೇಳುತ್ತೇನೆ. ಬಂದ ಹೊಸತು. ಒಂದು ಕಡೆಯಿಂದ ಫೋನ್ ಮಾಡಿ ಹೊಸ ರೋಗಿಯ ವಿಳಾಸ ಕೊಟ್ಟರು. ನಾನು ಚೀಟಿಯಲ್ಲಿ ಬರೆದುಕೊಂಡದ್ದು ಇಷ್ಟೇ: ಕೆ ಬ್ಲಾಕ್, ಮನೆ ನಂಬರ್, ದೇವಸ್ಥಾನದ ಹಿಂದೆ. ಕುವೆಂಪುನಗರದ ಕೆ ಬ್ಲಾಕ್‌ನಲ್ಲಿ ಆ ನಂಬರಿನ ಮನೆ ಸಿಕ್ಕಿತು. ಬಾಗಿಲು ತೆಗೆದ ಅಮ್ಮನಿಗೆ ನಾನು ಯಾರು ಅಂತಲೇ ಗೊತ್ತಿಲ್ಲ. ನೀರು ಕೊಟ್ಟು ಕೂರಿಸಿ, ಚೀಟಿ ನೋಡಿ, "ರಾಮಕೃಷ್ಣನಗರದಲ್ಲೂ ಕೆ ಬ್ಲಾಕ್ ಇದೆಯಮ್ಮ" ಅಂದರು. ಎರಡೂ ಬಡಾವಣೆ ಅಕ್ಕಪಕ್ಕ. ಎರಡರಲ್ಲೂ ಅಕ್ಷರದ ಬ್ಲಾಕ್‌ಗಳು. ನಾನು ಮುಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆ ತಡವಾಗಿತ್ತು. ಲಕ್ವ ಹೊಡೆದ ಆ ಅಜ್ಜ ಬೆಳಿಗ್ಗೆಯೇ ಶೇವ್ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು ಕಾಯುತ್ತಿದ್ದರು. ಅಷ್ಟು ಹೊತ್ತು ಕೂತು ಅವರಿಗೆ ಸುಸ್ತಾಗಿತ್ತು, ಆ ದಿನ ವ್ಯಾಯಾಮ ಮಾಡಿಸಲು ಆಗಲೇ ಇಲ್ಲ. ನನಗೆ ಅಳು ಬಂತು. ಅವತ್ತಿನಿಂದ ಬಡಾವಣೆ, ಸ್ಟೇಜ್ ಅಥವಾ ಬ್ಲಾಕ್, ಮೇನ್, ಕ್ರಾಸ್ ಇಷ್ಟೂ ಕೇಳದೆ ಫೋನ್ ಇಡುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಐ ಬ್ಲಾಕ್ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ರೋಮನ್ ಒಂದರ ಹಾಗೆ ಕಾಣುತ್ತದೆ. ಕೊರಿಯರ್ ಹುಡುಗರು ಒಂದನೇ ಬ್ಲಾಕ್ ಅಂತ ಓದಿಕೊಂಡು ಸುತ್ತುವುದನ್ನು ನೋಡಿದ್ದೇನೆ. ಅಲ್ಲಿರುವವರು ಕನ್ನಡದಲ್ಲೇ "ಐ" ಅಂತ ಬರೆದುಕೊಡಿ.

ಮನೆ ನಂಬರ್ ಸಾಲಾಗಿ ಯಾಕಿಲ್ಲ?

ಹೊಸ ಬಡಾವಣೆಗಳಲ್ಲಿ ಬಹಳಷ್ಟು ಕಡೆ ಅದು ಸೈಟ್ ನಂಬರ್. ಸೈಟ್ ಗುರುತು ಹಾಕಿದ ಕ್ರಮದಲ್ಲಿ ನಂಬರ್ ಬಂದಿರುತ್ತದೆ, ನೀವು ನಡೆಯುವ ಕ್ರಮದಲ್ಲಿ ಅಲ್ಲ. ಹಳೇ ಮೊಹಲ್ಲಾಗಳಲ್ಲಿ ಹಳೇ ನಂಬರ್, ಹೊಸ ನಂಬರ್ ಎರಡೂ ಬಾಗಿಲ ಮೇಲೆ ಇರುತ್ತವೆ. ನಂಬರನ್ನು ಕೊನೆಯ ಹತ್ತು ಹೆಜ್ಜೆಗೆ ಇಟ್ಟುಕೊಳ್ಳಿ. ಅಲ್ಲಿವರೆಗೆ ಗುರುತು ಹಿಡಿದು ಬನ್ನಿ.

ಫೋನಿನಲ್ಲಿ ಮ್ಯಾಪ್ ಇದೆಯಲ್ಲ, ಅಷ್ಟು ಸಾಲದೇ?

ನಾನೂ ದಿನಾ ಬಳಸುತ್ತೇನೆ. ತುಂಬಾ ಒಳ್ಳೆಯದು. ಆದರೆ ಮೂರು ಕಡೆ ಎಚ್ಚರ ಬೇಕು.

ಮೊದಲನೆಯದು, ಬೆಂಗಳೂರಿನ ಹೆಸರುಗಳು. ವಿಜಯನಗರ, ಜಯನಗರ, ಜೆ.ಪಿ. ನಗರ, ಹೆಬ್ಬಾಳ ಇವೆಲ್ಲ ಎರಡೂ ಊರಲ್ಲಿವೆ. ಹೆಸರು ಹಾಕಿ ಮೊದಲು ಬಂದದ್ದನ್ನು ಒತ್ತಿದರೆ ಮೂರು ಗಂಟೆ ದಾರಿ ತೋರಿಸುತ್ತದೆ. ಹೆಸರಿನ ಜೊತೆ ಮೈಸೂರು ಅಂತ ಸೇರಿಸಿ, ಪಿನ್‌ಕೋಡ್ 570ರಿಂದ ಶುರುವಾಗುತ್ತದಾ ನೋಡಿ.

ಎರಡನೆಯದು, ಹಿಂದಿನ ಗಲ್ಲಿ. ಮನೆಗಳ ಹಿಂಬದಿಯ ಕನ್ಸರ್ವೆನ್ಸಿಯನ್ನು ಮ್ಯಾಪ್ ಕೆಲವೊಮ್ಮೆ ರಸ್ತೆ ಅಂದುಕೊಳ್ಳುತ್ತದೆ. "ನೀವು ಮುಟ್ಟಿದ್ದೀರಿ" ಅನ್ನುತ್ತದೆ. ಎದುರಿಗೆ ನೋಡಿದರೆ ಬಚ್ಚಲ ಗೋಡೆ, ಬಾಗಿಲೇ ಇಲ್ಲ. ಹಾಗಾದಾಗ ಗಲ್ಲಿ ಬಿಟ್ಟು ಬಂದು, ಮುಂದಿನ ಕ್ರಾಸಿಗೆ ಹೋಗಿ ಮನೆಯ ಮುಂಭಾಗ ಹುಡುಕಿ.

ಮೂರನೆಯದು ರೈಲು ಹಳಿ. ಸ್ಟೇಷನ್‌ನಿಂದ ಚಾಮರಾಜಪುರಂ, ಅಶೋಕಪುರಂ ಮೂಲಕ ನಂಜನಗೂಡಿಗೆ ಹೋಗುವ ಹಳಿ ಊರನ್ನು ಸೀಳಿಕೊಂಡು ಹೋಗುತ್ತದೆ. ಸರಸ್ವತಿಪುರಂ ಒಂದು ಬದಿ, ಲಕ್ಷ್ಮೀಪುರಂ ಇನ್ನೊಂದು ಬದಿ. ಪರದೆಯಲ್ಲಿ ಅಂಟಿಕೊಂಡಂತೆ ಕಾಣುವ ಜಾಗಕ್ಕೂ ಸುತ್ತಿಕೊಂಡು ಹೋಗಬೇಕಾಗಬಹುದು. ಹಳಿ ದಾಟುವ ಜಾಗಗಳು ಎಲ್ಲೆಲ್ಲಿ ಇವೆ ಅಂತ ಒಂದು ಸಲ ನೋಡಿಟ್ಟುಕೊಳ್ಳಿ.

ನನ್ನ ಅಭ್ಯಾಸ ಹೀಗೆ: ಹೋಗುವಾಗ ಮ್ಯಾಪ್, ಬರುವಾಗ ಮ್ಯಾಪ್ ಇಲ್ಲ. ವಾಪಸ್ ಬರುವಾಗ ನಾವೇ ಯೋಚನೆ ಮಾಡಿ ತಿರುಗಿದರೆ ದಾರಿ ತಲೆಗೆ ಹತ್ತುತ್ತದೆ.

ಯಾರನ್ನು ಕೇಳಬೇಕು? ಹೇಗೆ ಕೇಳಬೇಕು?

ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೂರುವವರನ್ನು ಕೇಳಿ. ಹೂವಿನವರು, ಇಸ್ತ್ರಿ ಗಾಡಿಯವರು, ಪೆಟ್ಟಿಗೆ ಅಂಗಡಿಯವರು, ಆಟೋ ಸ್ಟ್ಯಾಂಡಿನಲ್ಲಿ ಪೇಪರ್ ಓದುತ್ತಾ ಕೂತವರು. ಹಾಲಿನ ಬೂತ್ ಇನ್ನೂ ಒಳ್ಳೆಯದು. ನಡೆದು ಹೋಗುತ್ತಿರುವವರು ನಿಮ್ಮ ಹಾಗೇ ಹೊಸಬರಾಗಿರಬಹುದು.

ಅಗ್ರಹಾರದ ಹತ್ತಿರ ಒಬ್ಬ ಹೂವಿನಮ್ಮನನ್ನು ಕೇಳಿದ್ದು ನನಗಿನ್ನೂ ನೆನಪಿದೆ. ಮಲ್ಲಿಗೆ ಕಟ್ಟುತ್ತಿದ್ದರು. ಕೈ ನಿಲ್ಲಿಸದೆ "ಯಾರ ಮನೆಗೆ ಮಗ?" ಅಂದರು. ನಾನು ನಂಬರ್ ಹೇಳಿದೆ. "ನಂಬರ್ ಬಿಡು, ಮನೇಲಿ ಯಾರಿದಾರೆ?" ವಯಸ್ಸಾದವರು, ಕೋಲು ಹಿಡಿದು ನಡೆಯುತ್ತಾರೆ, ಮೇಷ್ಟ್ರಾಗಿದ್ದರಂತೆ ಅಂದೆ. "ಓ, ಮೇಷ್ಟ್ರ ಮನೆ!" ಅಂತ ಬಾಳೆನಾರನ್ನು ಹಲಗೆ ಮೇಲೆ ಉದ್ದಕ್ಕೆ ಎಳೆದು ಹಾಕಿದರು. "ಇದು ರಸ್ತೆ." ನಾರಿನ ಪಕ್ಕ ಒಂದು ಮೊಗ್ಗು ಇಟ್ಟರು. "ಇದು ಗಣಪತಿ ಗುಡಿ." ಅದರಾಚೆ ಇನ್ನೆರಡು ಮೊಗ್ಗು. "ಎರಡನೇ ಸಂದಿ, ಹಸಿರು ಗೇಟು." ನಾಲ್ಕೇ ನಿಮಿಷದಲ್ಲಿ ನಾನು ಆ ಗೇಟಿನ ಮುಂದಿದ್ದೆ. ಬರುವಾಗ ಒಂದು ಮೊಳ ಹೂವು ತೆಗೆದುಕೊಂಡೆ. ಅವರು ದುಡ್ಡು ತೆಗೆದುಕೊಂಡು ಇನ್ನೊಂದು ಗೇಣು ಜಾಸ್ತಿ ಕೊಟ್ಟರು.

ಕೇಳುವ ರೀತಿಯೂ ಮುಖ್ಯ. ಗಾಡಿಯ ಮೇಲಿಂದಲೇ ಕೂಗಬೇಡಿ, ಇಳಿದು ಕೇಳಿ. ದೊಡ್ಡವರಾದರೆ "ಯಜಮಾನ್ರೇ", "ಅಮ್ಮ", ಸಮವಯಸ್ಸಿನವರಾದರೆ "ಅಣ್ಣ", "ಅಕ್ಕ", ಇಲ್ಲ ಅಂದರೆ "ಸಾರ್" ಸಾಕು. "ಈ ಕಡೆ ಹೋದರೆ ಸಿಗುತ್ತಾ?" ಅಂತ ಕೈ ತೋರಿಸಿ ಕೇಳಬೇಡಿ. ಅದಕ್ಕೆ ಎಷ್ಟೋ ಜನ ಹೂಂ ಅಂದುಬಿಡುತ್ತಾರೆ. "ಯಾವ ಕಡೆ ಹೋಗಬೇಕು?" ಅಂತ ಕೇಳಿ. ಅವರು ಹೇಳಿದ್ದನ್ನು ನೀವೇ ಒಮ್ಮೆ ವಾಪಸ್ ಹೇಳಿ. ಮುಂದಿನ ಸರ್ಕಲ್‌ನಲ್ಲಿ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ.

ಉತ್ತರ ಕರ್ನಾಟಕದಿಂದಲೋ ಕರಾವಳಿಯಿಂದಲೋ ಬಂದವರು ಮಾತು ಬೇರೆ ಅಂತ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಇಲ್ಲಿ ಓಣಿ ಅನ್ನುವ ಬದಲು ಗಲ್ಲಿ, ಸಂದಿ ಅನ್ನುತ್ತಾರೆ, ಅಷ್ಟೇ. ನನ್ನ ಮಾತು ಕೇಳಿ "ಯಾವೂರಮ್ಮ ನಿಮ್ದು?" ಅಂತ ಕೇಳಿದವರೇ ಮನೆ ಬಾಗಿಲವರೆಗೂ ಬಂದು ಬಿಟ್ಟುಹೋಗಿದ್ದಾರೆ.

"ಇಲ್ಲೇ ಪಕ್ಕದಲ್ಲೇ" ಅಂದರೆ ಎಷ್ಟು ದೂರ?

ನೂರು ಹೆಜ್ಜೆಯೂ ಆಗಬಹುದು, ಒಂದು ಕಿಲೋಮೀಟರೂ ಆಗಬಹುದು. "ನಡೆದರೆ ಎಷ್ಟು ನಿಮಿಷ?" ಅಂತ ಮತ್ತೆ ಕೇಳಿ.

ಬಸ್ಸಿನಲ್ಲಿ ಓಡಾಡಿ ಊರು ಕಲಿಯಬಹುದೇ?

ನನಗೆ ಗೊತ್ತಿರುವ ದಾರಿಗಳಲ್ಲಿ ಇದೇ ಒಳ್ಳೆಯದು. ಕೆ.ಆರ್. ಸರ್ಕಲ್ ಹತ್ತಿರದ ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ, ನಿಮ್ಮ ಬಡಾವಣೆಯ ಬಸ್ ಹತ್ತಿ, ಕಿಟಕಿ ಪಕ್ಕ ಕೂತು ಕೊನೆಯ ಸ್ಟಾಪಿನವರೆಗೆ ಹೋಗಿ ಬನ್ನಿ. ಕಂಡಕ್ಟರ್ ಕೂಗುವ ಸ್ಟಾಪಿನ ಹೆಸರುಗಳೇ ಊರಿನವರು ಬಳಸುವ ಹೆಸರುಗಳು. ಕುವೆಂಪುನಗರದಲ್ಲಿ "ಕಾಂಪ್ಲೆಕ್ಸ್" ಅಂತ ಕೂಗುತ್ತಾರೆ. ವಿಳಾಸದಲ್ಲಿ ಆ ಪದ ಇರುವುದಿಲ್ಲ, ಆದರೆ ಅದು ಗೊತ್ತಿಲ್ಲದಿದ್ದರೆ ಆಗುವುದಿಲ್ಲ. ಬೆಟ್ಟಕ್ಕೆ ಹೋಗುವ 201ನೇ ನಂಬರ್ ಬಸ್ ಹತ್ತಿದರೆ ಮೇಲಿಂದ ಇಡೀ ಊರು ಕಾಣುತ್ತದೆ. ಅರಮನೆ, ಲಲಿತಮಹಲ್, ಕೆರೆಗಳನ್ನು ಗುರುತಿಸಿ, ನಿಮ್ಮ ಮನೆ ಯಾವ ಕಡೆ ಅಂತ ಹುಡುಕಿ ನೋಡಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್ ಕೊಡುತ್ತಾರೆ. ನಮ್ಮ ಬೀದಿಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಹೀಗೆ ಒಂದು ತಿಂಗಳು ಮಧ್ಯಾಹ್ನದ ಹೊತ್ತು ಸುತ್ತಿದಳು. ಈಗ ಅವಳ ಗಂಡ ಅವಳನ್ನೇ ದಾರಿ ಕೇಳುತ್ತಾನೆ.

ಒಂದು ಎಚ್ಚರಿಕೆ. ಸಿಟಿ ಬಸ್ ಸ್ಟ್ಯಾಂಡ್ ಬೇರೆ, ಬೇರೆ ಊರಿಗೆ ಹೋಗುವ ಸಬರ್ಬನ್ ಸ್ಟ್ಯಾಂಡ್ ಬೇರೆ. ಊರಿಂದ ಬರುವ ನೆಂಟರು ಇಳಿಯುವುದು ಸಬರ್ಬನ್‌ನಲ್ಲಿ. ಕರೆದುಕೊಂಡು ಬರಲು ಹೋಗುವಾಗ ಸ್ಟ್ಯಾಂಡ್ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ.

ರಿಂಗ್ ರೋಡ್ ಹಿಡಿದರೆ ಸುಲಭವಾ?

ಒಂದು ತುದಿಯ ಬಡಾವಣೆಯಿಂದ ಇನ್ನೊಂದು ತುದಿಗೆ ಹೋಗಲು ಸುಲಭ. ಊರು ಕಲಿಯಲು ಅಲ್ಲ. ಜಂಕ್ಷನ್‌ಗಳು ಒಂದರ ಹಾಗೆ ಇನ್ನೊಂದು ಇವೆ. ಇಡೀ ಸುತ್ತು ಸುಮಾರು 42 ಕಿಲೋಮೀಟರ್. ತಪ್ಪು ದಿಕ್ಕಿಗೆ ತಿರುಗಿದರೆ ಗೊತ್ತಾಗುವಷ್ಟರಲ್ಲಿ ತುಂಬಾ ದೂರ ಹೋಗಿರುತ್ತೀರಿ. ಪ್ರತಿ ಜಂಕ್ಷನ್‌ನಲ್ಲೂ ಅಡ್ಡ ಬರುವ ರಸ್ತೆ ಯಾವುದು ಅಂತ ಬೋರ್ಡ್ ಓದಿ. ಕೆ.ಆರ್.ಎಸ್. ಆದ ಮೇಲೆ ಹುಣಸೂರು, ಆಮೇಲೆ ಬೋಗಾದಿ ಬಂದರೆ ನೀವು ಪಶ್ಚಿಮದಲ್ಲಿ ದಕ್ಷಿಣದ ಕಡೆ ಇಳಿಯುತ್ತಿದ್ದೀರಿ ಅಂತ ಅರ್ಥ.

ದೇವರಾಜ ಮಾರುಕಟ್ಟೆ, ಮಂಡಿ ಮೊಹಲ್ಲಾ ಗಲ್ಲಿಗಳಲ್ಲಿ ಪ್ರತಿ ಸಲ ಕಳೆದುಹೋಗುತ್ತೇನೆ. ಏನು ಮಾಡಲಿ?

ಗಾಡಿ ಹೊರಗೆ ಬಿಟ್ಟು ನಡೆಯಿರಿ. ಒಂದು ಉದ್ದದ ರಸ್ತೆಯನ್ನು ಬೆನ್ನೆಲುಬಾಗಿ ಹಿಡಿದುಕೊಳ್ಳಿ. ಮಾರುಕಟ್ಟೆಗೆ ಸಯ್ಯಾಜಿರಾವ್ ರಸ್ತೆ, ಆಚೆ ಬದಿಯ ಬೀದಿಗಳಿಗೆ ಅಶೋಕ ರಸ್ತೆ. ಎಷ್ಟೇ ಒಳಗೆ ಹೋದರೂ ಮತ್ತೆ ಅದಕ್ಕೇ ಬಂದು ಸೇರಿ. ಅಶೋಕ ರಸ್ತೆಯಲ್ಲಿ ಫಿಲೋಮಿನಾ ಚರ್ಚಿನ ಅವಳಿ ಗೋಪುರ ದೂರದಿಂದಲೇ ಕಾಣುತ್ತದೆ. ಮಾರುಕಟ್ಟೆ ಒಳಗೆ ನಾನು ಮೂಗನ್ನು ನಂಬುತ್ತೇನೆ. ಹೂವಿನ ಸಾಲು ಒಂದು ಕಡೆ, ಬಾಳೆಹಣ್ಣು ಒಂದು ಕಡೆ, ಕುಂಕುಮ ಅಗರಬತ್ತಿ ಇನ್ನೊಂದು ಕಡೆ. ಎರಡು ಸಲ ಹೋದರೆ ಯಾವ ವಾಸನೆ ಯಾವ ಬಾಗಿಲಿಗೆ ಅಂತ ತಿಳಿಯುತ್ತದೆ.

ದಸರಾ ಸಮಯದಲ್ಲಿ?

ಅರಮನೆ ಸುತ್ತ ಗಾಡಿ ತೆಗೆದುಕೊಂಡು ಹೋಗಲೇಬೇಡಿ. ಒನ್ ವೇ ಬದಲಾಗುತ್ತದೆ, ರಸ್ತೆಗಳನ್ನು ಮುಚ್ಚುತ್ತಾರೆ. ವಿಜಯದಶಮಿಯಂದು ಜಂಬೂ ಸವಾರಿ ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗುವುದರಿಂದ ಊರೇ ಎರಡು ಹೋಳಾದ ಹಾಗೆ ಆಗುತ್ತದೆ. ಆಸ್ಪತ್ರೆ, ರೈಲು ಅಂತ ತುರ್ತು ಇದ್ದರೆ ಬೆಳಿಗ್ಗೆಯೇ ದಾಟಿಕೊಳ್ಳಿ.

ಊರಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದಿದ್ದೇವೆ. ವಾಕಿಂಗ್ ಹೋದವರು ದಾರಿ ತಪ್ಪಿದರೆ?

ಈ ಪ್ರಶ್ನೆ ಕೇಳಿದವರಿಗೆ ನಾನು ಉಳಿದದ್ದನ್ನೆಲ್ಲ ಬಿಟ್ಟು ಮೊದಲು ಉತ್ತರ ಹೇಳುತ್ತೇನೆ. ಹಳ್ಳಿಯಲ್ಲಿ ಕಣ್ಣು ಮುಚ್ಚಿ ಗದ್ದೆ ಸುತ್ತಿ ಬರುತ್ತಿದ್ದವರು ಇಲ್ಲಿ ಒಂದೇ ಥರದ ಕ್ರಾಸ್‌ಗಳಲ್ಲಿ ನಿಂತುಬಿಡುತ್ತಾರೆ. ದಾರಿ ತಪ್ಪಿತು ಅಂತ ಮಕ್ಕಳಿಗೆ ಹೇಳಲು ಸಂಕೋಚ. ಆಮೇಲೆ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಓಡಾಟ ನಿಂತರೆ ಕಾಲು ಹಿಡಿದುಕೊಳ್ಳುತ್ತದೆ. ಇದನ್ನು ನನ್ನ ಕೆಲಸದಲ್ಲಿ ತುಂಬಾ ನೋಡಿದ್ದೇನೆ.

ಮೊದಲ ಹದಿನೈದು ದಿನ ನೀವೇ ಜೊತೆಗೆ ಹೋಗಿ. ದಿನಾ ಅದೇ ದಾರಿ, ಅದೇ ದಿಕ್ಕು. ತಿರುಗುವ ಕಡೆಗಳಲ್ಲಿ ಅವರೇ ಗುರುತು ಆರಿಸಲಿ. ನಿಮಗೆ ಕಂಡ ಎಟಿಎಂ ಅವರಿಗೆ ಕಾಣುವುದಿಲ್ಲ. ಅವರಿಗೆ ಹೊಂಗೆ ಮರ, ನಾಗರಕಟ್ಟೆ, ಬಾವಿ ಕಾಣುತ್ತದೆ. ಎರಡನೇ ವಾರ ಅವರು ಮುಂದೆ ನಡೆಯಲಿ, ನೀವು ನಾಲ್ಕು ಹೆಜ್ಜೆ ಹಿಂದೆ ಇರಿ. ತಪ್ಪು ತಿರುಗಿದರೂ ಥಟ್ಟನೆ ಹೇಳಬೇಡಿ, ಅವರೇ ಸರಿ ಮಾಡಿಕೊಳ್ಳಲು ಬಿಡಿ. ದಾರಿಯ ಒಂದು ಅಂಗಡಿಯವರಿಗೆ ಅವರ ಪರಿಚಯ ಮಾಡಿಸಿ. ಜೇಬಿನಲ್ಲಿ ದಪ್ಪ ಅಕ್ಷರದ ಕನ್ನಡ ಚೀಟಿ ಇರಲಿ: ಹೆಸರು, ಪೂರ್ತಿ ವಿಳಾಸ, ಹತ್ತಿರದ ಗುರುತು, ಎರಡು ಫೋನ್ ನಂಬರ್. ಮರೆವಿನ ತೊಂದರೆ ಇದ್ದವರನ್ನು ಒಬ್ಬರನ್ನೇ ಕಳಿಸಬೇಡಿ. ಹೊತ್ತಾದರೂ ಬರದಿದ್ದರೆ ಕಾಯುತ್ತಾ ಕೂರದೆ 112ಕ್ಕೆ ಫೋನ್ ಮಾಡಿ.

ರಾತ್ರಿ ದಾರಿ ತಪ್ಪಿದರೆ?

ಒಳಗೊಳಗೆ ಹೋಗಬೇಡಿ. ಬೆಳಕಿರುವ ದೊಡ್ಡ ರಸ್ತೆಗೆ ವಾಪಸ್ ಬನ್ನಿ. ಪೆಟ್ರೋಲ್ ಬಂಕ್, ಮೆಡಿಕಲ್ ಸ್ಟೋರ್, ಆಸ್ಪತ್ರೆ ಗೇಟು, ಇಂಥ ಕಡೆ ನಿಂತು ಫೋನ್ ಮಾಡಿ, ಇದ್ದಲ್ಲಿಂದ ಲೊಕೇಶನ್ ಕಳಿಸಿ.

ನಮ್ಮ ಮನೆಗೆ ಬರುವವರಿಗೆ ದಾರಿ ಹೇಗೆ ಹೇಳಲಿ?

ನೀವು ಹೊಸಬರಾಗಿದ್ದಾಗ ಏನು ಬೇಕಿತ್ತೋ ಅದನ್ನೇ ಹೇಳಿ. ದೊಡ್ಡ ಸರ್ಕಲ್‌ನಿಂದ ಶುರು ಮಾಡಿ, ನಡುವೆ ಎರಡೇ ಗುರುತು ಕೊಡಿ, ಕೊನೆಗೆ ಗೇಟಿನ ಬಣ್ಣ. ದಾಟಿ ಮುಂದೆ ಹೋದರೆ ಏನು ಸಿಗುತ್ತದೆ ಅಂತಲೂ ಹೇಳಿ. ಇದನ್ನು ಯಾರೂ ಹೇಳುವುದಿಲ್ಲ, ತುಂಬಾ ಉಪಯೋಗ ಆಗುವುದು ಇದೇ. ನಾಲ್ಕು ಗಂಟೆಗೆ ಮುಚ್ಚುವ ಅಂಗಡಿಯನ್ನು ಗುರುತಾಗಿ ಕೊಡಬೇಡಿ, ಶಟರ್ ಎಳೆದಾಗ ಬೋರ್ಡ್ ಕಾಣುವುದಿಲ್ಲ.

ನಮ್ಮ ಮನೆಗೆ ನಾನು ಹೇಳುವುದು ಹೀಗೆ: "ಕಾಂಪ್ಲೆಕ್ಸ್ ಹತ್ತಿರ ಬನ್ನಿ. ಬೆಟ್ಟ ನಿಮ್ಮ ಬೆನ್ನಿಗೆ ಇರಲಿ. ಸೀದಾ ಬಂದರೆ ಬಲಗಡೆ ಹಿಟ್ಟಿನ ಗಿರಣಿ, ಅದರ ಪಕ್ಕದ ಕ್ರಾಸಿಗೆ ತಿರುಗಿ. ಎಡಗಡೆ ಮೂರನೇ ಮನೆ, ನೀಲಿ ಗೇಟು, ಮುಂದೆ ಸಂಪಿಗೆ ಮರ ಇದೆ. ನೀರಿನ ಟ್ಯಾಂಕ್ ಕಂಡಿತು ಅಂದರೆ ಮುಂದೆ ಹೋಗಿದ್ದೀರಿ, ಅಲ್ಲೇ ನಿಂತು ಫೋನ್ ಮಾಡಿ, ನಾನು ಬರುತ್ತೇನೆ."